ಹಂದಿ ತೊಳೆಯುವ ಕೆಲಸ

ಹಂದಿಯನ್ನು ಮೊದಲ ಸಲ ತೊಳೆದವಳು ಓದಿಲಿಯಾ. ತೊಳೆ ಎಂದು ಹೇಳಿದವರು ಅದನ್ನು ಹಂದಿ ಅನ್ನಲಿಲ್ಲ. ಕಾಗದದಲ್ಲಿ ಅದಕ್ಕೆ ಅರ್ಧ ಸಾಲಿನುದ್ದದ ಹೆಸರಿತ್ತು, ಹೆಸರಿನ ಹಿಂದೆ ಒಂದಿಷ್ಟು ಅಂಕಿಗಳಿದ್ದವು. ಸೈನ್ಯದವರು ಇರಾಕಿನಲ್ಲಿ ಓಡಿಸಿ, ಸಾಕಾಗಿ, ಇನ್ನು ಬೇಡವೆಂದು ಬಿಟ್ಟ ಲಾರಿ ಅದು. ನೆಲದಲ್ಲಿ ಹೂತಿಟ್ಟ ಬಾಂಬು ಅಡಿಯಲ್ಲೇ ಸಿಡಿದರೂ ಒಳಗೆ ಕೂತವರ ಕೂದಲು ಕೊಂಕದಂತೆ ಮಾಡಿದ್ದು. ಎದೆಯೆತ್ತರದ ಚಕ್ರ, ಅಂಗೈ ದಪ್ಪದ ಗಾಜು, ನೆತ್ತಿಯ ಮೇಲೆ ಬಂದೂಕು ಹಿಡಿದು ನಿಲ್ಲಲು ಒಂದು ತೂತು. ಹೀಗೆ ಬೇಡವಾದ ಸಾಮಾನನ್ನು ಸೈನ್ಯ ಊರೂರಿನ ಪೊಲೀಸರಿಗೆ ಪುಕ್ಕಟೆ ಹಂಚುತ್ತಿತ್ತು. ಗಡಿಯ ಕಡೆಯವರು ಕೇಳಿದರೆ ಇನ್ನೂ ಬೇಗ ಸಿಗುತ್ತಿತ್ತು. ಹಾಗೆ ಅದು ಟೆಕ್ಸಾಸಿನ ತೀರಾ ಕೆಳಗಿನ ತುದಿಗೆ, ನದಿಯಾಚೆ ಮೆಕ್ಸಿಕೋ ಕಾಣುವ ಒಂದು ಬಡ ಕೌಂಟಿಗೆ, ಅಂದರೆ ಜಿಲ್ಲೆಗೆ, ಬಂತು. ಆ ಕೌಂಟಿಯ ಪೊಲೀಸಿನವರು ಒಟ್ಟು ಹನ್ನೊಂದು ಜನ.

ಅವರ ಕಕ್ಕಸು ತೊಳೆಯುವುದು, ನೆಲ ಒರೆಸುವುದು, ಕಸ ಎತ್ತುವುದು, ಲಾಕಪ್ಪಿನಲ್ಲಿ ಕುಡುಕರು ಮಾಡಿಟ್ಟ ವಾಂತಿ ಬಳಿಯುವುದು ಓದಿಲಿಯಾಳ ಕೆಲಸ. ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದಳು. ಅವಳಿಗೆ ಐವತ್ತಮೂರು. ಮಂಡಿಯ ಚಿಪ್ಪುಗಳು ನೆಲಕ್ಕೆ ಊರಿ ಊರಿ ಕಲ್ಲಾಗಿದ್ದವು. ಬ್ಲೀಚಿನ ನೀರಿನಲ್ಲಿ ನೆನೆದು ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ಠಾಣೆಯವರು ಒಮ್ಮೆ ಎಲ್ಲ ನೌಕರರ ಬೆರಳಚ್ಚು ತೆಗೆದುಕೊಂಡಾಗ ಅವಳದು ಮೂಡಲಿಲ್ಲ. ಯಂತ್ರ ಕೆಟ್ಟಿದೆ ಎಂದು ನಕ್ಕು ಕಳಿಸಿದ್ದರು.

ಲಾರಿ ತೊಳೆಯುವುದು ಅವಳ ಕೆಲಸದ ಪಟ್ಟಿಯಲ್ಲಿರಲಿಲ್ಲ. ಆದರೂ ತೊಳೆದಳು. ಏಣಿ ಹಾಕಿ ಹತ್ತಿ ಮೇಲಿನಿಂದ ಉಜ್ಜಿದಳು, ಒಳಗೆ ನುಗ್ಗಿ ಸೀಟುಗಳ ಕೆಳಗೆ ಅಂಗಾತ ಮಲಗಿ ಉಜ್ಜಿದಳು. ಸೀಟಿನ ಬೋಲ್ಟುಗಳ ಸಂದಿಯಿಂದ ಮರಳು ಬಂತು. ಹಿಟ್ಟಿನಂಥ ನುಣ್ಣನೆಯ ಮರಳು, ಇಲ್ಲಿಯದಲ್ಲ. ಹಿಂದಿನ ಬಾಗಿಲ ಹತ್ತಿರ ನೆಲದಲ್ಲಿ ಕಪ್ಪನೆಯ ಕಲೆಯೊಂದಿತ್ತು. ಅದು ಏನೆಂದು ಅವಳಿಗೆ ಗೊತ್ತಾಯಿತು. ವಾರಕ್ಕೆರಡು ಸಲ ಲಾಕಪ್ಪಿನ ನೆಲದಿಂದ ಅಂಥದ್ದನ್ನು ತೆಗೆಯುವವಳು ಅವಳೇ. ಯಾರದೋ ಏನೋ ಅಂದುಕೊಂಡು ಮೂರು ಸಲ ಬ್ಲೀಚ್ ಹಾಕಿ ತಿಕ್ಕಿದಳು. ಅದು ಪೂರ್ತಿ ಹೋಗಲಿಲ್ಲ.

ಹಂದಿ ಎಂದು ಹೆಸರಿಟ್ಟದ್ದು ಲಾಸ್ ಪೆಂಕಾಸಿನ ಜನ. ಓದಿಲಿಯಾ ಇರುವ ಕೇರಿ ಅದು. ಉಳಲು ಬಾರದ ಹೊಲವನ್ನು ತುಂಡು ಮಾಡಿ ಮಾರಿದವನು ರಸ್ತೆ ಬರುತ್ತದೆ, ಚರಂಡಿ ಬರುತ್ತದೆ, ಬೀದಿ ದೀಪ ಬರುತ್ತದೆ ಅಂದಿದ್ದ. ದುಡ್ಡು ತೆಗೆದುಕೊಂಡು ಅವನು ಹೋದ. ಬೇರೆ ಏನೂ ಬರಲಿಲ್ಲ. ಮೂವತ್ತು ವರ್ಷವಾದರೂ ಟಾರು ಒಂದು ಮೈಲಿ ಹಿಂದೆಯೇ ನಿಂತಿತ್ತು. ಮಳೆ ಬಂದರೆ ಜನ ತಮ್ಮ ಗಾಡಿಗಳನ್ನು ಟಾರಿನ ತುದಿಯಲ್ಲಿ ಬಿಟ್ಟು, ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಶೂ ಕೈಯಲ್ಲಿ ಹಿಡಿದು ಕೆಸರಲ್ಲಿ ನಡೆಯುತ್ತಿದ್ದರು. ಎರಡು ವರ್ಷದ ಕೆಳಗೆ ಓದಿಲಿಯಾಳ ಅವ್ವನಿಗೆ ಎದೆ ಹಿಡಿದಾಗ ಆಂಬುಲೆನ್ಸಿನವರು ಟಾರಿನ ತುದಿಯಲ್ಲೇ ನಿಂತು, ಇಲ್ಲಿಂದ ಮುಂದೆ ಬರುವಂತಿಲ್ಲ, ಗಾಡಿ ಹೂತುಕೊಳ್ಳುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು. ಅವ್ವ ಮನೆಯಲ್ಲೇ ಸತ್ತಳು. ರಸ್ತೆಗೆ ಅರ್ಜಿ ಕೊಟ್ಟರೆ ಕೌಂಟಿಯಲ್ಲಿ ಹಣವಿಲ್ಲ ಅನ್ನುತ್ತಿದ್ದರು. ಹಂದಿ ಮಾತ್ರ ಪುಕ್ಕಟೆ.

ಪುಕ್ಕಟೆಗೆ ಒಂದು ಷರತ್ತಿತ್ತು. ಕೊಟ್ಟ ಸಾಮಾನನ್ನು ಒಂದು ವರ್ಷದೊಳಗೆ ಕೆಲಸಕ್ಕೆ ಹಚ್ಚಬೇಕು. ಹಚ್ಚದಿದ್ದರೆ ವಾಪಸು. ಹಚ್ಚಿದ್ದಕ್ಕೆ ವರದಿ ಬರೆದು ಫೋಟೋ ಅಂಟಿಸಿ ಕಳಿಸಬೇಕು. ಕೌಂಟಿಯ ಶೆರಿಫ್, ಅಂದರೆ ಆ ಹನ್ನೊಂದು ಜನರ ದೊಡ್ಡವನು, ಬ್ಲಾಸ್ ಕಂತೂ. ಅವನು ಲಾರಿಯನ್ನು ಶಾಲೆಗೆ ಒಯ್ದು ಮಕ್ಕಳನ್ನು ಹತ್ತಿಸಿದ, ಮೆರವಣಿಗೆಯಲ್ಲಿ ಓಡಿಸಿದ, ಲಾಸ್ ಪೆಂಕಾಸಿಗೂ ತಂದು 'ಏನೇ ತೊಂದರೆಯಾದರೂ ನಮಗೆ ಫೋನ್ ಮಾಡಿ' ಎಂದು ನಂಬರಿದ್ದ ಚೀಟಿಗಳನ್ನು ಮನೆಮನೆಯ ಫ್ರಿಜ್ಜಿಗೆ ಅಂಟಿಸಿಹೋದ. ಮೇಲಿನವರು ಇದ್ಯಾವುದೂ ಕೆಲಸವಲ್ಲ ಅಂದರು. ಹಿಡಿಯಲು ದೊಡ್ಡ ಕಳ್ಳ ಸಿಗಲಿಲ್ಲ. ತಿಂಗಳುಗಳು ಕಳೆದವು. ಶೆರಿಫನ ಕೋಣೆಯ ಕ್ಯಾಲೆಂಡರಿನಲ್ಲಿ ಮೇ ಹನ್ನೆರಡರ ಸುತ್ತ ಕೆಂಪು ವೃತ್ತ ಬಿತ್ತು. ಆ ಕ್ಯಾಲೆಂಡರಿನ ಧೂಳು ಒರೆಸುವವಳಿಗೂ ಅದು ಕಂಡಿತು.

ಮೇ ಮೂರು ಮೇಸ್ತ್ರಿಗಳ ಹಬ್ಬ. ಶಿಲುಬೆಯ ದಿನ. ಕಟ್ಟುತ್ತಿರುವ ಮನೆ ಯಾರದೇ ಆಗಲಿ, ಅಂದು ಅದರ ನೆತ್ತಿಗೆ ಮರದ ಶಿಲುಬೆ ಏರಿಸಿ, ಬಣ್ಣದ ಕಾಗದದ ಹೂ ಕಟ್ಟಿ, ಬಾಣದ ಪಟಾಕಿ ಹಾರಿಸಿ, ಮಾಂಸ ಬೇಯಿಸಿ ತಿಂದರೇ ಆ ಗೋಡೆ ನಿಲ್ಲುವುದು. ಆ ಬಾಣಕ್ಕೆ ನದಿಯ ಎರಡೂ ದಡದಲ್ಲಿ ಕ್ವೇತೆ ಅನ್ನುತ್ತಾರೆ. ಓದಿಲಿಯಾಳ ತಮ್ಮ ಎವಾರಿಸ್ತೋ ಮೇಸ್ತ್ರಿ. ಹತ್ತೊಂಬತ್ತನೆಯ ವಯಸ್ಸಿನಿಂದ ಊರವರ ಮನೆ ಕಟ್ಟಿ ಕಟ್ಟಿ ಬೆನ್ನು ಬಗ್ಗಿದವನು, ಆ ವರ್ಷ ಭಾನುವಾರಗಳನ್ನು ಉಳಿಸಿ ಅಕ್ಕನ ಮನೆಗೆ ಒಂದು ಕೋಣೆ, ಒಂದು ಬಚ್ಚಲು ಸೇರಿಸುತ್ತಿದ್ದ. ಅಕ್ಕ ಪಗಾರ ಬಂದಾಗಲೆಲ್ಲ ಸಿಮೆಂಟ್ ಇಟ್ಟಿಗೆ ತಂದು ಹಾಕುತ್ತಿದ್ದಳು. ಗೋಡೆ ಏರಿತ್ತು, ಮಾಳಿಗೆ ಅರ್ಧ ಆಗಿತ್ತು.

ಬೆಳಿಗ್ಗೆ ಅವಳು ಕಾಲಿಗೆ ಚೀಲ ಕಟ್ಟಿಕೊಳ್ಳುತ್ತಿದ್ದಾಗ ಎವಾರಿಸ್ತೋ ಸಾರುವೆಯ ಮೇಲಿನಿಂದಲೇ ಶುರು ಮಾಡಿದ.

"ಇವತ್ತೊಂದಿನ ರಜಾ ಹಾಕಕ್ಕ. ನಿನ್ನ ಮನೆ ಮೇಲೆ ಶಿಲುಬೆ ಏರಿಸ್ತಿದೀನಿ. ನೀನೇ ಇರಲ್ಲ ಅಂದ್ರೆ?"

"ರಜಾ ಹಾಕಿದ್ರೆ ಸಿಮೆಂಟು ಯಾರು ತರ್ತಾರೆ? ಅಪ್ಪ ಗೋರಿಯಿಂದ ಎದ್ದು ಬರ್ತಾನಾ?"

"ಬಂದ್ರೂ ಬರಬಹುದು. ಮಾಂಸದ ವಾಸನೆ ಹೋದ್ರೆ ಸಾಕು ಅವನಿಗೆ."

"ಕ್ವೇತೆ ಎಷ್ಟು ತಂದಿದೀಯ?"

"ಹನ್ನೆರಡು."

"ಎದುರುಮನೆ ಅಜ್ಜಿ ಡೋನ್ಯಾ ಕಾಸಿಮಿರಾ ಬಾಯಿಗೆ ಬಂದಂಗೆ ಬೈತಾಳೆ ನೋಡು."

"ಬೈಲಿ. ಹೋದ ವರ್ಷ ಬೈದು ಬೈದು ಕೊನೆಗೆ ಎರಡು ತಟ್ಟೆ ಖಾಲಿ ಮಾಡಿ ಹೋದ್ಳು. ಬಾಯಿ ಬೇಕಲ್ಲ, ತಿನ್ನೋಕಾದ್ರೂ."

ಕೆಳಗೆ ಗಾರೆ ಕಲೆಸುತ್ತಿದ್ದ ಫಿದೆನ್ಸಿಯೋ ನಕ್ಕ. ಅವನೂ ಅವನ ಜೊತೆಯ ಇನ್ನೊಬ್ಬ ಕೂಲಿಯೂ ನದಿಯಾಚೆಯಿಂದ ಬಂದವರು, ಇಬ್ಬರಿಗೂ ಕಾಗದಪತ್ರ ಇರಲಿಲ್ಲ. ನನಗೂ ಒಂದು ತಟ್ಟೆ ಎತ್ತಿಡು ಎಂದು ಹೇಳಿ ಓದಿಲಿಯಾ ಕೆಸರಿಗೆ ಇಳಿದಳು. ಹಿಂದಿನ ಎರಡು ದಿನ ಮಳೆ ಹೊಡೆದಿತ್ತು. ಟಾರು ಸೇರುವ ಹೊತ್ತಿಗೆ ಮೊಣಕಾಲ ತನಕ ಮಣ್ಣಾಗಿತ್ತು.

ಮಧ್ಯಾಹ್ನ ಒಂದೂವರೆಗೆ ಠಾಣೆಯಲ್ಲಿ ಫೋನು ಎತ್ತುವ ಹುಡುಗಿ ಕೂಗಿದಳು. ಅವಳಿಗೆ ಸ್ಪ್ಯಾನಿಷ್ ಬರುವುದಿಲ್ಲ. ಕೌಂಟಿಯ ಮುಕ್ಕಾಲು ಜನ ಆಡುವ ಭಾಷೆ ಬಾರದವಳನ್ನು ಫೋನಿಗೆ ಕೂರಿಸಿದ್ದರು. ಬರುವವಳ ಕೈಯಲ್ಲಿ ಒರೆಸುಬಟ್ಟೆ ಕೊಟ್ಟಿದ್ದರು. ಕರೆ ಬಂದಾಗಲೆಲ್ಲ ಓದಿಲಿಯಾ ಕೈ ಒರೆಸಿಕೊಂಡು ಹೋಗಿ ಕೇಳಿ ಹೇಳಬೇಕು. ಅದಕ್ಕೆ ಬೇರೆ ಕೂಲಿ ಇಲ್ಲ.

ಫೋನಿನಲ್ಲಿದ್ದವಳು ಕಾಸಿಮಿರಾ. ಎಂಬತ್ತು ದಾಟಿದ ಮುದುಕಿ, ಓದಿಲಿಯಾಳ ಎದುರುಮನೆ. ದನಿ ಕೋಣೆಗೆಲ್ಲ ಕೇಳುವಂತೆ ಫೋನನ್ನು ಮೇಜಿನ ಮೇಲೆ ಇಟ್ಟಿದ್ದರು.

"ಯಾರದು, ಪೊಲೀಸಾ? ನೀವೇ ಅಂಟಿಸಿ ಹೋಗಿದ್ರಲ್ಲ ಫ್ರಿಜ್ಜಿಗೆ, ಅದಕ್ಕೇ ಮಾಡ್ತಿದೀನಿ. ಮಾಳಿಗೆ ಮೇಲೆ ಗಂಡಸರು ನಿಂತಿದಾರೆ, ಕೈಯಲ್ಲಿ ಕ್ವೇತೆ. ಡಬ್ ಡಬ್ ಅಂತ. ನನ್ನ ಕೋಳಿ ಎಲ್ಲ ಅಟ್ಟ ಹತ್ತಿ ಕೂತಿವೆ. ನಾನೊಂದು ಗಳಿಗೆ ಕಣ್ಣು ಮುಚ್ಚಬೇಡ್ವಾ? ಮೂರು ಗಂಟೆ ಆದ್ಮೇಲೆ ಹೊಡ್ಕೊಳ್ಳಿ ಅಂತ ಹೇಳಿ ಅವರಿಗೆ. ನಾನು ಹೇಳಿದೆ ಅನ್ನಬೇಡಿ. ಮಾಂಸ ಕೊಡಲ್ಲ ಆಮೇಲೆ."

ಅಷ್ಟು ಹೇಳಿ ಮುದುಕಿ ಫೋನು ಇಟ್ಟಳು. ಓದಿಲಿಯಾಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗಿನಂತೆ ಒರೆಸುಬಟ್ಟೆ ಹಿಡಿದುಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ವೆಸ್ಲಿ ಒಳಗೆ ಬಂದ. ಹನ್ನೊಂದು ಜನರಲ್ಲಿ ಅವನೊಬ್ಬ. ಅವನಿಗೆ ಸ್ಪ್ಯಾನಿಷ್ ಬರುತ್ತಿತ್ತು, ಆದರೆ ಕಲಿತದ್ದು ಜೈಲಿನಲ್ಲಿ. ಆರು ವರ್ಷ ಅಲ್ಲಿ ಕಾವಲಿಗಿದ್ದ. ಹಾಗಾಗಿ ಅವನಿಗೆ ಗೊತ್ತಿದ್ದ ಮಾತೆಲ್ಲ ಕಳ್ಳರು ತಮ್ಮತಮ್ಮಲ್ಲಿ ಆಡುವ ಮಾತು. ಮಗುವನ್ನು ತೂಗುವಾಗ, ತರಕಾರಿ ಕೊಳ್ಳುವಾಗ, ದೇವರಿಗೆ ಕೈ ಮುಗಿಯುವಾಗ ಜನ ಏನನ್ನುತ್ತಾರೆ ಎಂದು ಅವನು ಕೇಳಿರಲೇ ಇಲ್ಲ.

"ಕ್ವೇತೆ ಅಂದ್ಳು. ನಾನೇ ಕೇಳಿಸ್ಕೊಂಡೆ," ಅಂದ. "ಕ್ವೇತೆ ಅಂದ್ರೆ ಪಿಸ್ತೂಲು."

"ನಿಮ್ಮ ಜೈಲಲ್ಲಿ ಪಿಸ್ತೂಲು," ಓದಿಲಿಯಾ ಅಂದಳು. "ನಮ್ಮಲ್ಲಿ ಪಟಾಕಿ. ಬಾಣ. ಇವತ್ತು ಮೇಸ್ತ್ರಿಗಳ ಹಬ್ಬ. ಅದು ನನ್ನ ಮನೆ. ಮೇಲೆ ನಿಂತಿರೋನು ನನ್ನ ತಮ್ಮ. ಮುದುಕಿಗೆ ನಿದ್ದೆ ಬೇಕಂತೆ, ಅಷ್ಟೇ."

"ನಿನ್ನ ಮನೆ, ನಿನ್ನ ತಮ್ಮ. ಹಂಗಾದ್ರೆ ನಿನ್ನ ಮಾತು ಲೆಕ್ಕಕ್ಕಿಲ್ಲ. ನೆಲ ಒರೆಸು ಹೋಗು."

ಮಾತು ಕೇಳಿ ಶೆರಿಫ್ ಕೋಣೆಯಿಂದ ಹೊರಗೆ ಬಂದ. ಓದಿಲಿಯಾಗೆ ಜೀವ ಬಂದಂತಾಯಿತು. ಬ್ಲಾಸ್ ಕಂತೂ ಹೊರಗಿನವನಲ್ಲ. ಅವನ ಅಜ್ಜಿ ಲಾಸ್ ಪೆಂಕಾಸಿನವಳು. ಅವನು ಚಡ್ಡಿಯಲ್ಲಿದ್ದಾಗ ಅದೇ ಕೇರಿಯಲ್ಲಿ ಕ್ವೇತೆ ಹಾರಿಸಿ ಹುಬ್ಬು ಸುಟ್ಟುಕೊಂಡಿದ್ದನ್ನು ಓದಿಲಿಯಾ ಕಣ್ಣಾರೆ ಕಂಡಿದ್ದಳು.

"ಬ್ಲಾಸ್, ನೀನು ಹೇಳು ಇವನಿಗೆ. ಕ್ವೇತೆ ಅಂದ್ರೇನು?"

ಬ್ಲಾಸ್ ಅವಳನ್ನು ನೋಡಿದ. ಆಮೇಲೆ ತೆರೆದ ಬಾಗಿಲಿನಿಂದ ತನ್ನ ಕೋಣೆಯ ಕ್ಯಾಲೆಂಡರನ್ನು ನೋಡಿದ. ಇನ್ನು ಒಂಬತ್ತು ದಿನ ಇತ್ತು.

"ಮಾಳಿಗೆ ಮೇಲೆ ಗಂಡಸರು, ಕೈಯಲ್ಲಿ ಆಯುಧ ಇರಬಹುದು," ಅಂದ. ಹುಬ್ಬಿನ ಹತ್ತಿರ ಆ ಹಳೇ ಗಾಯದ ಗುರುತು ಇನ್ನೂ ಇತ್ತು. "ಲಾರಿ ತೆಗೀರಿ."

ಕ್ವೇತೆ ಏನೆಂದು ಅವನಿಗೆ ಗೊತ್ತಿತ್ತು. ಇಲ್ಲಿ ಭಾಷೆ ಬಾರದೆ ಆದ ತಪ್ಪಿಗಿಂತ ಬಂದೂ ಮಾಡಿದ ತಪ್ಪು ದೊಡ್ಡದು. ಅದನ್ನು ಯಾವ ವರದಿಯಲ್ಲೂ ಬರೆಯಲಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿರುವುದು.

ಓದಿಲಿಯಾ ಎವಾರಿಸ್ತೋನ ಫೋನಿಗೆ ನಾಲ್ಕು ಸಲ ಮಾಡಿದಳು. ಅವನು ಕೆಲಸದ ಹೊತ್ತಿನಲ್ಲಿ ಫೋನನ್ನು ಕೆಳಗೆ ಊಟದ ಡಬ್ಬಿಯಲ್ಲಿ ಇಟ್ಟಿರುತ್ತಿದ್ದ, ಗಾರೆ ತಾಗದಿರಲಿ ಎಂದು. ಯಾರೂ ಎತ್ತಲಿಲ್ಲ. ಓದಿಲಿಯಾ ಒರೆಸುಬಟ್ಟೆ ಬಿಸಾಕಿ ತನ್ನ ಹಳೇ ಗಾಡಿ ಹತ್ತಿದಳು. ಟಾರಿನ ತುದಿಯ ತನಕ ಗಾಡಿ ಹೋಯಿತು. ಅಲ್ಲಿಂದ ಮುಂದೆ ಎರಡು ದೊಡ್ಡ ಚಕ್ರದ ಅಚ್ಚುಗಳು ಕೆಸರನ್ನು ಸೀಳಿಕೊಂಡು ನೆಟ್ಟಗೆ ಹೋಗಿದ್ದವು. ಮೂವತ್ತು ವರ್ಷದಲ್ಲಿ ಮಳೆ ಬಂದಾಗ ಸರ್ಕಾರದ ಒಂದು ಗಾಡಿಯೂ ಇಳಿಯದ ಕೆಸರು. ಹಂದಿ ಮಾತ್ರ ಎಲ್ಲೂ ಹೂತುಕೊಂಡಿರಲಿಲ್ಲ.

ಅವಳು ಆ ಅಚ್ಚಿನೊಳಗೇ ಓಡಿದಳು. ಚೀಲ ಕಟ್ಟಿಕೊಳ್ಳಲಿಲ್ಲ. ಒಂದು ಶೂ ಕೆಸರಲ್ಲಿ ಉಳಿಯಿತು, ಇನ್ನೊಂದನ್ನು ಅವಳೇ ಕಿತ್ತೆಸೆದಳು.

ಕೇರಿಯ ಮೂಲೆ ತಿರುಗಿದಾಗ ಮನೆ ಕಂಡಿತು. ಮಾಳಿಗೆಯ ಅಂಚಿಗೆ ಶಿಲುಬೆ ನಿಂತಿತ್ತು. ಹಸಿರು, ಕೆಂಪು ಕಾಗದದ ಹೂಗಳು ಗಾಳಿಗೆ ಆಡುತ್ತಿದ್ದವು. ಎವಾರಿಸ್ತೋ ಒಂದು ಕೈಯಲ್ಲಿ ಗಾರೆಯ ಬಾಂಡ್ಲಿ ಸೊಂಟಕ್ಕೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕ್ವೇತೆಯ ಕಡ್ಡಿ ಹಿಡಿದಿದ್ದ. ಬತ್ತಿ ಹೊತ್ತಿಕೊಂಡಿತ್ತು. ಹಂದಿ ಮನೆಯ ಮುಂದೆ, ಬೀನ್ಸ್ ಮಡಿಯ ಮೇಲೆ ನಿಂತಿತ್ತು. ಅದರ ನೆತ್ತಿಯ ತೂತಿನಿಂದ ಒಬ್ಬನ ಮೈ ಅರ್ಧ ಹೊರಗೆ ಬಂದಿತ್ತು. ಇಂಗ್ಲಿಷಿನಲ್ಲಿ ಮೈಕು ಕೂಗುತ್ತಿತ್ತು, ಕೈಯಲ್ಲಿರೋದನ್ನ ಕೆಳಗೆ ಹಾಕು, ಕೆಳಗೆ ಹಾಕು.

ಬತ್ತಿ ಹೊತ್ತಿದ ಕ್ವೇತೆಯನ್ನು ಯಾವ ಮೇಸ್ತ್ರಿಯೂ ಕೆಳಗೆ ಹಾಕುವುದಿಲ್ಲ. ಹಾಕಿದರೆ ಅದು ನೆಲದ ಮೇಲೆ ಹಾವಿನ ಹಾಗೆ ಹರಿದಾಡಿ ಯಾರದೋ ಕಾಲಿಗೋ ಕಣ್ಣಿಗೋ ಹೊಡೆಯುತ್ತದೆ. ಕೆಳಗೆ ಹೆಂಗಸರು ಒಲೆಯ ಸುತ್ತ ನಿಂತಿದ್ದರು. ಕಡ್ಡಿಯನ್ನು ಎರಡು ಬೆರಳಲ್ಲಿ ಸಡಿಲ ಹಿಡಿದು, ಕೈ ನೆಟ್ಟಗೆ ಮೇಲಕ್ಕೆತ್ತಿ, ಅದು ತಾನಾಗಿ ಎಳೆಯುವ ತನಕ ಕಾದು, ಆಕಾಶಕ್ಕೆ ಬಿಡಬೇಕು. ಎವಾರಿಸ್ತೋ ಹಾಗೇ ಮಾಡಿದ. ಕೈ ಎತ್ತಿದ.

ಕ್ವೇತೆ ಸುಯ್ಯೆಂದು ಹೋಯಿತು. ಅದು ಮೇಲೆ ಸಿಡಿಯುವ ಮೊದಲೇ ಕೆಳಗೆ ಇನ್ನೊಂದು ಸದ್ದಾಯಿತು. ರಬ್ಬರಿನ ಗುಂಡು. ಅದರಿಂದ ಯಾರೂ ಸಾಯುವುದಿಲ್ಲ ಎಂದು ವೆಸ್ಲಿ ಆಮೇಲೆ ಹತ್ತು ಸಲ ಹೇಳಿದ. ಗುಂಡು ಎದೆಗೆ ಬಿತ್ತು. ಎವಾರಿಸ್ತೋ ಬಾಂಡ್ಲಿಯ ಸಮೇತ ಹಿಂದಕ್ಕೆ ಉರುಳಿ, ಮಾಳಿಗೆಯಿಂದ ಕೆಳಗೆ ಅಕ್ಕ ತಂದು ಒಟ್ಟಿದ್ದ ಸಿಮೆಂಟ್ ಇಟ್ಟಿಗೆಗಳ ಮೇಲೆ ಬಿದ್ದ.

ಅವಳು ಹೋಗಿ ಕೂತು ಅವನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಬಾಂಡ್ಲಿಯ ಹಸಿ ಗಾರೆ ಅವನ ಮುಖ, ಎದೆ, ಕೈ ಎಲ್ಲ ಮೆತ್ತಿತ್ತು. ಕಿವಿಯ ಹಿಂದಿನಿಂದ ರಕ್ತ ಬರುತ್ತಿತ್ತು. ಎರಡನ್ನೂ ಬರಿಗೈಯಿಂದ ಒಟ್ಟಿಗೆ ಒರೆಸಿದಳು. ಮತ್ತೆ ಮತ್ತೆ ಒರೆಸಿದಳು.

"ಬುಡದ ಗಾರೆ ಇನ್ನೂ ಹಸಿ ಇದೆ ಅಕ್ಕ," ಅಂದ ಎವಾರಿಸ್ತೋ. "ಶಿಲುಬೆ ಯಾರೂ ಅಲ್ಲಾಡಿಸ್ಬೇಡಿ."

"ಇಲ್ಲ ಕಣೋ. ಮಾತಾಡಬೇಡ."

ಫಿದೆನ್ಸಿಯೋ ಮತ್ತು ಅವನ ಜೊತೆಯವನನ್ನು ಕೆಸರಲ್ಲಿ ಬೋರಲು ಮಲಗಿಸಿ, ಕೈಗಳನ್ನು ಬೆನ್ನ ಹಿಂದೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದರು. ಉಳಿದ ಕ್ವೇತೆಗಳನ್ನು ಕೈಗವಸು ಹಾಕಿಕೊಂಡು ಎತ್ತಿ ಚೀಲಕ್ಕೆ ಹಾಕುತ್ತಿದ್ದರು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಬರುತ್ತೆ ಅಂದರು. ಬಂತು. ಟಾರಿನ ತುದಿಗೆ ಬಂದು ನಿಂತಿತು. ಇಲ್ಲಿಂದ ಮುಂದೆ ಬರುವಂತಿಲ್ಲ, ಗಾಡಿ ಹೂತುಕೊಳ್ಳುತ್ತದೆ.

ಓದಿಲಿಯಾ ತಮ್ಮನ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ ಎದ್ದಳು. ಹಂದಿಯ ಹತ್ತಿರ ಹೋದಳು. ಹಿಂದಿನ ಬಾಗಿಲು ಮುಚ್ಚಿತ್ತು. ಎರಡೂ ಅಂಗೈಯಿಂದ ಬಡಿದಳು.

"ಬಾಗಿಲು ತೆಗೀರಿ. ಒಂದು ಮೈಲಿ. ಟಾರಿನ ತನಕ ಹಾಕ್ಕೊಂಡು ಹೋಗಿ. ನಿಮ್ಮದು ಕೆಸರಲ್ಲಿ ಹೋಗುತ್ತಲ್ಲ. ಒಂದೇ ಮೈಲಿ."

ಒಳಗಿನಿಂದ ವೆಸ್ಲಿಯ ದನಿ ಬಂತು. "ಹೊರಗಿನವರನ್ನ ಹತ್ತಿಸೋ ಹಂಗಿಲ್ಲ. ರೂಲ್ಸು."

"ಶಾಲೆ ಮಕ್ಕಳನ್ನ ಹತ್ತಿಸಿದ್ರಲ್ಲ."

ಅವಳು ಮತ್ತೆ ಬಡಿದಳು. ಆ ಬಾಗಿಲ ಕೀಲು ಎಲ್ಲಿದೆ, ಅಗುಳಿ ಎಲ್ಲಿದೆ, ಒಳಗೆ ಎಷ್ಟು ಜಾಗವಿದೆ ಎಲ್ಲ ಅವಳಿಗೆ ಗೊತ್ತಿತ್ತು. ಮನುಷ್ಯನೊಬ್ಬ ಕಾಲು ಚಾಚಿ ಮಲಗುವಷ್ಟು ಜಾಗ. ಅಲ್ಲಿ ಅವಳೇ ಅಂಗಾತ ಮಲಗಿ ಉಜ್ಜಿದ್ದಳು. ಎರಡು ಅಂಗೈಯನ್ನೂ ಬಾಗಿಲಿಗೆ ಊರಿ ಸ್ವಲ್ಪ ಹೊತ್ತು ಹಾಗೇ ನಿಂತಳು. ಬಾಂಬಿಗೇ ತೆರೆಯದ ಬಾಗಿಲು ಅದು.

ಸಾರುವೆಯ ಹಲಗೆ ಬಿಚ್ಚಿ ಅದರ ಮೇಲೆ ಅವನನ್ನು ಮಲಗಿಸಿದರು. ಅಲ್ಲಿದ್ದ ಗಂಡಸರ ಕೈ ಬಿಗಿದಿತ್ತು, ಕೇರಿಯ ಉಳಿದವರು ಕೂಲಿಗೆ ಹೋಗಿದ್ದರು. ಹೊತ್ತವರು ಹೆಂಗಸರು. ಓದಿಲಿಯಾ ತಲೆಯ ಕಡೆ, ಪಕ್ಕದ ಮನೆಯ ಇಬ್ಬರು ನಡುವೆ, ಇನ್ನೊಬ್ಬಳು ಕಾಲಿನ ಕಡೆ. ಮೇಸ್ತ್ರಿಯ ಮೈ ಭಾರ. ಹೆಜ್ಜೆಗೊಮ್ಮೆ ಕಾಲು ಮೊಣಕಾಲ ತನಕ ಹೂತು, ಕಿತ್ತು, ಮತ್ತೆ ಹೂತು. ಹಲಗೆ ಹೆಗಲ ಮೂಳೆಯನ್ನು ಕೊರೆಯುತ್ತಿತ್ತು. ಕಾಸಿಮಿರಾ ಕೋಲೂರಿಕೊಂಡು ಹಿಂದೆ ಬರುತ್ತಿದ್ದಳು.

"ನಾನು ನಿದ್ದೆ ಮಾಡ್ಬೇಕು ಅಂದೆ ಅಷ್ಟೇ ಕಣೇ," ಅನ್ನುತ್ತಿದ್ದಳು. "ನಿದ್ದೆ ಬೇಕು ಅಂದೆ ಕಣೇ ಓದಿಲಿಯಾ."

ಅರ್ಧ ದಾರಿಯಲ್ಲಿ ಹಂದಿ ಇಬ್ಬರು ಕೈದಿಗಳನ್ನು ತುಂಬಿಕೊಂಡು ಅವರ ಪಕ್ಕದಲ್ಲೇ ಹಾದುಹೋಯಿತು. ಕೈದಿಗಳನ್ನು ಹತ್ತಿಸಬಹುದು ಅಂತ ಕಾಣುತ್ತದೆ. ಚಕ್ರದಿಂದ ಎದ್ದ ಕೆಸರು ಹಲಗೆಯ ಮೇಲೆ ಮಲಗಿದ್ದವನ ಮುಖಕ್ಕೆ ಹಾರಿತು. ಎರಡು ಕೈಯೂ ಹಲಗೆಗೆ ಕೊಟ್ಟಿದ್ದರಿಂದ ಓದಿಲಿಯಾಗೆ ಒರೆಸಲು ಆಗಲಿಲ್ಲ. ಟಾರು ಸಿಗುವ ಹೊತ್ತಿಗೆ ಎವಾರಿಸ್ತೋನ ಉಸಿರು ನಿಂತಿತ್ತು.

ಮಣ್ಣು ಮಾಡಿದ ಮೂರನೆಯ ದಿನ ಠಾಣೆಯಿಂದ ಕರೆ ಬಂತು. ಅವಳು ಹೋದಳು. ಹೋಗದೆ ಏನು ಮಾಡುವುದು, ಅನ್ನ ಅಲ್ಲಿಯದೇ. ಒಳಗೆ ಕಾಲಿಡುತ್ತಿದ್ದಂತೆ ವೆಸ್ಲಿ ಹೇಳಿದ.

"ಮೊದಲು ಲಾರಿ ತೊಳಿ. ಮಧ್ಯಾಹ್ನ ಫೋಟೋ ತೆಗೆಯೋಕೆ ಬರ್ತಾರೆ. ವರದಿ ಜೊತೆ ಕಳಿಸ್ಬೇಕು. ಹಿಂದಿನ ಬಾಗಿಲು ಗಲೀಜಾಗಿದೆ, ನೀರಿಗೆ ಹೋಗ್ತಿಲ್ಲ. ಗಟ್ಟಿಯಾಗಿ ಉಜ್ಜು."

ಬಕೆಟ್ಟಿಗೆ ನೀರು ತುಂಬಿಕೊಂಡು, ಬ್ರಷ್ಷು ಹಿಡಿದು ಹಿಂದಿನ ಅಂಗಳಕ್ಕೆ ಹೋದಳು. ಹಂದಿಯ ಮೈಮೇಲೆ ಲಾಸ್ ಪೆಂಕಾಸಿನ ಮಣ್ಣು ಒಣಗಿ ಹಪ್ಪಳವಾಗಿತ್ತು. ಬಾಗಿಲ ಮೇಲೆ ಎರಡು ಕೈಗಳಿದ್ದವು. ಅಂಗೈ, ಹೆಬ್ಬೆರಳು, ಬೆರಳುಗಳು. ಗಾರೆಯಲ್ಲಿ ಮೂಡಿ ಗಟ್ಟಿಯಾಗಿ ಸಿಮೆಂಟಾಗಿದ್ದವು. ಬೂದಿಬಣ್ಣದ ನಡುವೆ ಕಂದು ಗೆರೆಗಳು. ಯಂತ್ರದಲ್ಲಿ ಮೂಡದ ಅವಳ ಬೆರಳು ಇಲ್ಲಿ ಹತ್ತೂ ಮೂಡಿದ್ದವು. ತಮ್ಮನ ಗಾರೆ ಎಂದೂ ಕಳಪೆಯಾಗಿದ್ದಿಲ್ಲ.

ಅವಳು ಬಹಳ ಹೊತ್ತು ನೋಡಿದಳು. ಅಳು ಬರಲಿಲ್ಲ, ಬೇರೇನೋ ಬಂತು. ಇರಾಕಿನಲ್ಲಿ ಚೆಲ್ಲಿದ ಯಾರದೋ ರಕ್ತವನ್ನು ತಾನು ಮೂರು ಸಲ ಬ್ಲೀಚ್ ಹಾಕಿ ತಿಕ್ಕಿದ್ದು ನೆನಪಾಗಿ ನಾಚಿಕೆಯಾಯಿತು. ಅಲ್ಲಿಯೂ ಒಬ್ಬಳು ಅಕ್ಕ ಇದ್ದಿರಬಹುದು. ಬಕೆಟ್ಟನ್ನು ಬಾಗಿಲ ಬುಡದಲ್ಲೇ ಇಟ್ಟು, ಬ್ರಷ್ಷನ್ನು ಅದರ ಮೇಲೆ ಅಡ್ಡ ಇಟ್ಟು, ಒಳಗೆ ಬಂದಳು.

ಶೆರಿಫನ ಕೋಣೆಯಲ್ಲಿ ಕೌಂಟಿಯ ವಕೀಲ ಕೂತಿದ್ದ. ಮೇಜಿನ ಮೇಲೆ ಒಂದು ಕಾಗದ, ಒಂದು ಪೆನ್ನು. ಪಕ್ಕದಲ್ಲಿ ಸೀಲು ಹಾಕಿದ ಪ್ಲಾಸ್ಟಿಕ್ ಚೀಲ. ಅದರೊಳಗೆ ಉಳಿದ ಕ್ವೇತೆಗಳು, ಉದ್ದನೆಯ ಕಡ್ಡಿಗಳ ಸಮೇತ. ಚೀಲದ ಚೀಟಿಯ ಮೇಲೆ ಆಯುಧ ಎಂದು ಬರೆದಿತ್ತು.

"ಕೂತ್ಕೊಳ್ಳಿ ಟೀಯಾ," ಅಂದ ಬ್ಲಾಸ್. ಟೀಯಾ ಅಂದರೆ ಚಿಕ್ಕಮ್ಮ. ಹದಿನಾಲ್ಕು ವರ್ಷದಲ್ಲಿ ಅವನು ಅವಳನ್ನು ಹಾಗೆ ಕರೆದದ್ದು ಎರಡು ಸಲ, ಎರಡೂ ಸಲ ಚುನಾವಣೆಯಿತ್ತು. "ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ಎವಾರಿಸ್ತೋ ನನಗೂ ಗೊತ್ತಿದ್ದೋನೇ."

ಅವಳು ನಿಂತೇ ಇದ್ದಳು.

ವಕೀಲ ಬಹಳ ಮೆತ್ತಗೆ ಮಾತಾಡಿದ. "ಫೋನಿನಲ್ಲಿ ಆ ಅಜ್ಜಿ ಹೇಳಿದ ಮಾತಿಗೆ ಅರ್ಥ ಹೇಳಿದವರು ನೀವು. ಕರೆಯ ರೆಕಾರ್ಡಿನಲ್ಲಿ ಅಜ್ಜಿಯ ದನಿ ಮಾತ್ರ ಇದೆ, ಕ್ವೇತೆ ಅನ್ನೋ ಮಾತು ಇದೆ. ನೀವು ಹೇಳಿದ್ದು ಇಲ್ಲ. ಗಾಬರಿಯಲ್ಲಿ ನೀವು ಪಿಸ್ತೂಲು ಅಂದಿರಿ. ಯಾರಿಗಾದರೂ ಆಗೋ ತಪ್ಪು. ಅದನ್ನೇ ಇಲ್ಲಿ ಬರೆದಿದೀವಿ. ಕೆಳಗೆ ಒಂದು ರುಜು."

"ನಾನು ಪಟಾಕಿ ಅಂದೆ."

"ಕೋಣೆಯಲ್ಲಿ ಇದ್ದವರೆಲ್ಲ ಪಿಸ್ತೂಲು ಅಂತ ಕೇಳಿಸ್ಕೊಂಡಿದಾರೆ."

"ರುಜು ಹಾಕಿದ್ರೆ ಏನಾಗುತ್ತೆ?"

"ನಿಮ್ಮ ಕೆಲಸ ಉಳಿಯುತ್ತೆ."

"ಅವರಿಬ್ಬರಿಗೆ? ಫಿದೆನ್ಸಿಯೋಗೆ?"

ವಕೀಲ ಶೆರಿಫನ ಮುಖ ನೋಡಿದ. "ಆಯುಧದ ಕೇಸು. ಆಮೇಲೆ ಗಡಿಯವರಿಗೆ ಒಪ್ಪಿಸ್ತೀವಿ."

"ಸತ್ತವನಿಗೆ?"

ವಕೀಲ ಪೆನ್ನನ್ನು ಅವಳ ಕಡೆ ತಿರುಗಿಸಿಟ್ಟ. 

ಓದಿಲಿಯಾ ಚೀಲವನ್ನು ತೋರಿಸಿದಳು. ಬಾಗಿಲಲ್ಲಿ ನಿಂತಿದ್ದ ವೆಸ್ಲಿಯನ್ನು ಕೇಳಿದಳು. "ಅದರೊಳಗಿರೋದು ಏನು, ಹೇಳು."

"ಕ್ವೇತೆ," ಅಂದ ವೆಸ್ಲಿ.

"ಇದರಲ್ಲಿ ಗುಂಡು ಎಲ್ಲಿ ಹಾಕ್ತಾರೆ?"

ವೆಸ್ಲಿ ಕೆಂಪಗಾದ. ಬ್ಲಾಸ್ ಮಧ್ಯೆ ಬಾಯಿ ಹಾಕಿದ.

"ಟೀಯಾ, ಕೇಳಿ. ನಾನು ಕೌಂಟಿಯವರ ಹತ್ತಿರ ಮಾತಾಡಿದೀನಿ. ಲಾಸ್ ಪೆಂಕಾಸಿಗೆ ಟಾರು ಹಾಕಿಸ್ತೀನಿ. ನಿಮ್ಮ ಮನೆ ಬಾಗಿಲ ತನಕ. ಈ ವರ್ಷವೇ. ನಿಮ್ಮ ಅವ್ವ ಹೋದಾಗ ರಸ್ತೆ ಇದ್ದಿದ್ರೆ ಅಂತ ನೀವೇ ಎಷ್ಟು ಸಲ ಅಂದಿದೀರಿ. ಒಂದು ರುಜುವಿನಿಂದ ಇಡೀ ಕೇರಿಗೆ ರಸ್ತೆ ಬರುತ್ತೆ. ಕೇರಿಯವರು ನಿಮ್ಮ ಹೆಸರು ಹೇಳ್ತಾರೆ."

ಅವಳ ಕಣ್ಣ ಮುಂದೆ ಒಂದು ಗಳಿಗೆ ಆ ರಸ್ತೆ ಬಂತು. ಕರ್ರಗೆ, ನುಣ್ಣಗೆ. ಅದರ ಮೇಲೆ ಶೂ ಹಾಕಿಕೊಂಡೇ ನಡೆದು ಹೋಗುವ ಹೆಂಗಸರು ಬಂದರು. ಮೂವತ್ತು ವರ್ಷ ಅರ್ಜಿ ಬರೆದು ಕೇಳಿದ್ದು ಅದನ್ನೇ. ಹಸಿದವಳ ಮುಂದೆ ತಟ್ಟೆ ಇಟ್ಟು, ತಮ್ಮನ ಮೇಲೆ ಉಗುಳಿ ತಿನ್ನು ಅನ್ನುತ್ತಿದ್ದಾರೆ ಅನ್ನಿಸಿತು. ಆದರೂ ಅವಳ ದನಿ ಏರಲಿಲ್ಲ.

"ಮೂವತ್ತು ವರ್ಷ ದುಡ್ಡಿರಲಿಲ್ಲ. ಈಗ ಎಲ್ಲಿಂದ ಬಂತು ಬ್ಲಾಸ್? ಮನುಷ್ಯರು ನಡೆಯೋಕೆ ಇಲ್ಲದ ರಸ್ತೆ ಈಗ ಯಾಕೆ? ಮುಂದಿನ ಸಲ ಹಂದಿಗೆ ಬರೋಕೆ ಸಲೀಸಾಗ್ಲಿ ಅಂತಲಾ?"

"ಮಾತು ನೋಡ್ಕೊಂಡು ಆಡು," ಅಂದ ವೆಸ್ಲಿ.

"ಹದಿನಾಲ್ಕು ವರ್ಷ ನಿನ್ನ ಉಚ್ಚೆ ತೊಳೆದಿದೀನಿ. ನೋಡ್ಕೊಂಡೇ ಆಡ್ತಿದೀನಿ. ಬ್ಲಾಸ್, ನಿನ್ನ ಹುಬ್ಬು ಸುಟ್ಟಿದ್ದು ಪಿಸ್ತೂಲಿಂದಲಾ? ಅವತ್ತು ನಮ್ಮವ್ವ ಅದಕ್ಕೆ ಬೆಣ್ಣೆ ಹಚ್ಚಿದ್ಳು. ಕ್ವೇತೆ ಅಂದ್ರೇನು ಅಂತ ನಿನಗೆ ಗೊತ್ತು. ನೀನು ಹಾಕು ರುಜು."

ಬ್ಲಾಸ್‌ನ ಕೈ ತಾನಾಗಿ ಹುಬ್ಬಿಗೆ ಹೋಗಿ ವಾಪಸು ಬಂತು. ವಕೀಲ ಅವನ ಕಿವಿಯ ಹತ್ತಿರ ಬಗ್ಗಿ, ಇವಳ ರುಜು ಇಲ್ಲದೆ ಅವರಿಬ್ಬರ ಮೇಲೆ ಕೇಸು ನಿಲ್ಲೋದಿಲ್ಲ ಅಂದ. ಮೆಲ್ಲಗೇ ಅಂದ, ಆದರೆ ನೆಲ ಒರೆಸುವವರ ಕಿವಿ ಚುರುಕಾಗಿರುತ್ತದೆ.

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ," ಅಂದ ಬ್ಲಾಸ್. ನೀವು ಹೋಗಿ ನೀನು ಬಂದಿತ್ತು. ಕಾಗದವನ್ನು ಅವಳ ಕಡೆ ತಳ್ಳಿದ. "ರುಜು ಹಾಕು. ಇಲ್ಲಾಂದ್ರೆ ಬೀಗದ ಕೈ ಇಟ್ಟು ಹೋಗು."

ಓದಿಲಿಯಾ ಸೊಂಟದಿಂದ ಬೀಗದ ಕೈಗಳ ಗೊಂಚಲು ಬಿಚ್ಚಿದಳು. ಕಕ್ಕಸಿನದು, ಲಾಕಪ್ಪಿನದು, ಸಾಮಾನು ಕೋಣೆಯದು. ಕಾಗದದ ಮೇಲೆಯೇ ಇಟ್ಟಳು.

"ನನ್ನ ರುಜು ಬೇಕಲ್ಲ ನಿಮಗೆ? ಆಗಲೇ ಹಾಕಿದೀನಿ. ಹೊರಗೆ ಲಾರಿಯ ಹಿಂದಿನ ಬಾಗಿಲ ಮೇಲಿದೆ. ಎರಡು ಕೈಯಲ್ಲೂ ಹಾಕಿದೀನಿ. ಹೋಗಿ ಓದ್ಕೊಳ್ಳಿ."

ಅಷ್ಟು ಹೇಳಿ ಹೊರಟಳು. ಅಂಗಳ ದಾಟುವಾಗ ಹಂದಿಯ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ಗಂಟೆಗೆ ಫೋಟೋದವನು ಬಂದ. ಹನ್ನೊಂದು ಜನರೂ ಟೋಪಿ ಸರಿಮಾಡಿಕೊಂಡು ಹಂದಿಯ ಸುತ್ತ ನಿಂತರು. ಫೋಟೋದವನು ಒಂದು ಸುತ್ತು ಬಂದು, ಹಿಂದಿನ ಬಾಗಿಲ ಹತ್ತಿರ ನಿಂತು, ಇದೇನು ಕೈ ಅಂದ. ಬಾಗಿಲ ಬುಡದಲ್ಲಿ ಬಕೆಟ್ಟು ಇತ್ತು, ನೀರು ತುಂಬಿತ್ತು, ಮೇಲೆ ಬ್ರಷ್ಷು ಇತ್ತು. ಹನ್ನೊಂದು ಜನ ಅದನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬಕೆಟ್ಟನ್ನು ಯಾರೂ ಮುಟ್ಟಲಿಲ್ಲ. ಫೋಟೋದವನು ಸ್ವಲ್ಪ ಹೊತ್ತು ಕಾದು, ಮುಂದಿನಿಂದ ಫೋಟೋ ತೆಗೆದುಕೊಂಡು ಹೋದ.